ರುಚಿಯಕ್ಕನ ಬಾಯಿ ಆರಿದ್ದು

ಬಿಸ್ಕತ್ತು ಅಗಿದು ಉಗುಳುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಆ ಕೆಲಸ ತಮಗೂ ಸಿಗುತ್ತದೆಯೇ ಎಂದು ಕೇಳುತ್ತಾರೆ. ಕೆಲಸ ಅಂದುಕೊಂಡಷ್ಟು ಸುಲಭವಲ್ಲ. ಬೆಳಗ್ಗೆ ಎದ್ದು ಕಾಫಿ ಕುಡಿಯುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ, ತಲೆಗೆ ವಾಸನೆಯ ಎಣ್ಣೆ ಹಚ್ಚುವಂತಿಲ್ಲ. ನೆಗಡಿಯಾದರೆ ರಜೆ ಹಾಕಬೇಕು. ಯಾರ ಮೇಲಾದರೂ ಸಿಟ್ಟಿದ್ದರೆ ಅದನ್ನು ಬಾಗಿಲ ಹೊರಗೇ ಬಿಟ್ಟು ಬರಬೇಕು, ಏಕೆಂದರೆ ಸಿಟ್ಟಿನ ಬಾಯಿಗೆ ಸಕ್ಕರೆಯೂ ಕಹಿ. ರುಚಿಯಕ್ಕನಿಗೆ ಇದ್ಯಾವುದೂ ಕಷ್ಟವಾಗಿರಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕಾದರೂ ಮನೆಯಲ್ಲಿ ಇನ್ನೊಬ್ಬರು ಇರಬೇಕಲ್ಲ.

ಅವಳಿಗೊಂದು ಹೆಸರಿತ್ತು, ಕಾರ್ಖಾನೆಯಲ್ಲಿ ಅದು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಗಂಡ ತೀರಿಕೊಂಡ ಮೇಲೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದವಳು. ಒಂದು ದಿನ ಪೊಟ್ಟಣ ಕಟ್ಟುತ್ತ, ಈ ಬಿಸ್ಕತ್ತಿನ ಬೆಣ್ಣೆ ಹಳತು ಎಂದಳು. ಪರೀಕ್ಷಿಸಿ ನೋಡಿದರೆ ಹಳತೇ. ಅಂದಿನಿಂದ ಅವಳನ್ನು ಪ್ಯಾಕಿಂಗ್ ಮೇಜಿನಿಂದ ಎಬ್ಬಿಸಿ ರುಚಿಕೋಣೆಯಲ್ಲಿ ಕೂರಿಸಿದರು. ಬಡ್ತಿ ಎಂದು ಎಲ್ಲರೂ ಕೈಕುಲುಕಿದರು. ಪ್ಯಾಕಿಂಗ್ ಮೇಜಿನ ಸುತ್ತ ಹತ್ತಾರು ಹೆಂಗಸರು ಕೂತು ಊರ ಸುದ್ದಿಯನ್ನೆಲ್ಲ ಹಿಟ್ಟಿನಂತೆ ನಾದುತ್ತಿದ್ದರು. ರುಚಿಕೋಣೆಯಲ್ಲಿ ಮಾತಾಡುವಂತಿರಲಿಲ್ಲ.

ಕೋಣೆ ಎಂದರೆ ಕೋಣೆಯೂ ಅಲ್ಲ, ಹಲಗೆಯಿಂದ ಬೇರೆ ಮಾಡಿದ ಮೂರು ಗೂಡು. ಒಬ್ಬರ ಮುಖ ನೋಡಿ ಇನ್ನೊಬ್ಬರು ಅಭಿಪ್ರಾಯ ಬದಲಿಸಬಾರದೆಂದು ಆ ಏರ್ಪಾಡು. ಪ್ರತಿ ಗೂಡಿನಲ್ಲೂ ಒಂದು ಕುರ್ಚಿ, ಒಂದು ಲೋಟ ನೀರು, ಉಗುಳಲು ಸ್ಟೀಲ್ ಬಟ್ಟಲು, ಮತ್ತು ಎದುರಿನ ಗೋಡೆಯಲ್ಲಿ ತಟ್ಟೆ ತೂರುವಷ್ಟು ಅಗಲದ ಒಂದು ಕಿಂಡಿ. ಕಿಂಡಿಯ ಆಚೆ ಓವನ್ ಮನೆ. ಅಲ್ಲಿಂದ ಓವನ್ ಮೇಸ್ತ್ರಿಗಳ ಕೈ ತಟ್ಟೆಯೊಂದನ್ನು ಒಳಗೆ ತಳ್ಳುತ್ತಿತ್ತು. ಮೊಣಕೈವರೆಗೆ ಹಿಟ್ಟು, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ. ಆ ಕೈಯನ್ನು ಅವಳು ಹದಿನಾಲ್ಕು ವರ್ಷ ನೋಡಿದ್ದಳು. ಅಗಿದು, ಉಗುಳಿ, ಕಿಂಡಿಗೆ ಒಂದು ಮಾತು ಹೇಳಬೇಕು: ಹದ, ಒಣ, ಇಲ್ಲವೇ ಜಿಗುಟು. ಅದಕ್ಕಿಂತ ಹೆಚ್ಚು ಹೇಳಿದರೆ ನಿಯಮ ಮುರಿದಂತೆ. ಉಳಿದ ಎರಡು ಗೂಡುಗಳಲ್ಲಿ ಆಫೀಸಿನ ಗುಮಾಸ್ತರು ಸರದಿಯ ಮೇಲೆ ಬಂದು ಕೂರುತ್ತಿದ್ದರು. ಅವರು ಹಲಗೆಗೆ ಕಿವಿ ಕೊಟ್ಟು ರುಚಿಯಕ್ಕ ಏನೆನ್ನುತ್ತಾಳೋ ಅದನ್ನೇ ಬರೆದು, ಬಟ್ಟಲಿಗೆ ಉಗುಳದೆ ಬಿಸ್ಕತ್ತು ನುಂಗಿ, ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಹೀಗಾಗಿ ಲಕ್ಷಾಂತರ ಮನೆಗಳಿಗೆ ಹೋಗುವ ಬಿಸ್ಕತ್ತಿಗೆ ಅವಳ ಒಂದು ಬಾಯಿಯೇ ಕೋರ್ಟು, ಕಚೇರಿ ಎಲ್ಲ.

ಆ ಕುರ್ಚಿ ಅವಳಿಗೆ ಎಷ್ಟು ದೊಡ್ಡದು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ದಿನವಿಡೀ ಅವಳು ಬಾಯಿಬಿಟ್ಟು ಹೇಳುವ ಮಾತಿಗೆ ಯಾರಾದರೂ ಕಾದು ನಿಲ್ಲುತ್ತಿದ್ದದ್ದು ಅಲ್ಲಿ ಮಾತ್ರ. ಮನೆಯಲ್ಲಿ ಅವಳು ಗಡಿಯಾರಕ್ಕೂ ಪಾತ್ರೆಗೂ ಮಾತಾಡುತ್ತಿದ್ದಳು, ಅವು ಕಾಯುತ್ತಿರಲಿಲ್ಲ. ತಮ್ಮನೊಬ್ಬ ದೂರದ ಊರಲ್ಲಿದ್ದ. ಅವನ ಹೆಂಡತಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಫೋನಿನಲ್ಲಿ ಅವನು ತನ್ನ ಕಷ್ಟವನ್ನೆಲ್ಲ ಹೇಳಿ ಮುಗಿಸಿ, ನೀನು ಹೇಗಿದ್ದೀಯಕ್ಕ ಎಂದು ಕೇಳುವ ಹೊತ್ತಿಗೆ ಅವನಿಗೆ ಇನ್ಯಾವುದೋ ಕೆಲಸ ನೆನಪಾಗಿರುತ್ತಿತ್ತು. ಚೆನ್ನಾಗಿದ್ದೀನಿ ಎಂದು ಅವಳು ಹೇಳುತ್ತಿದ್ದಳು. ಅದು ಅವಳು ಮನೆಯಲ್ಲಿ ಹೇಳುತ್ತಿದ್ದ 'ಹದ'.

ಸಕ್ಕರೆ ಕಾಯಿಲೆ ಬಂದಾಗ ಕಾರ್ಖಾನೆಗೆಲ್ಲ ತಮಾಷೆಯಾಯಿತು. ಬೆಕ್ಕನ್ನು ಹಾಲಿನ ಕಾವಲಿಗೆ ಇಟ್ಟ ಹಾಗಾಯ್ತು ಎಂದರು ಯಾರೋ. ಪರವಾಗಿಲ್ಲ, ನಮ್ಮ ಬೆಕ್ಕು ಕುಡಿದದ್ದನ್ನು ಉಗುಳುತ್ತೆ ಎಂದರು ಮ್ಯಾನೇಜರ್. ಅವಳೂ ನಕ್ಕಳು. ಮಾತ್ರೆ ಬರೆದುಕೊಟ್ಟಿದ್ದರು, ನೆನಪಾದಾಗ ನುಂಗುತ್ತಿದ್ದಳು. ಮಾತ್ರೆ ತಗೊಂಡ್ಯಾ ಎಂದು ಕೇಳುವವರಿಲ್ಲದ ಮನೆಯಲ್ಲಿ ಮಾತ್ರೆ ಡಬ್ಬಿ ಖಾಲಿಯಾಗುವುದು ನಿಧಾನ.

ಇಷ್ಟರಲ್ಲಿ ಒಂದು ಬೆಳಗ್ಗೆ ಮೊದಲ ಬಿಸ್ಕತ್ತು ಬಾಯಿಗಿಟ್ಟು ಅಗಿಯುತ್ತಿದ್ದಾಗ ಎಡದವಡೆಯ ಕೆಳಗೆ ಏನೋ ಹಿಡಿದಂತಾಯಿತು. ಮುಟ್ಟಿ ನೋಡಿದರೆ ನಿಂಬೆಕಾಯಿ ಗಾತ್ರದ ಗಂಟು. ನೋವು ಕಿವಿಯವರೆಗೂ ಹತ್ತಿತು. ಹಲ್ಲು ಕಚ್ಚಿಕೊಂಡು 'ಹದ' ಎಂದಳು. ಸ್ವಲ್ಪ ಹೊತ್ತಿಗೆ ಗಂಟು ತಾನಾಗಿಯೇ ಇಳಿಯಿತು. ಮಾರನೆಯ ದಿನ ಮತ್ತೆ ಬಂತು. ಊಟಕ್ಕೆ ಕೂತರೂ ಬರುತ್ತಿತ್ತು. ಬೀದಿಯಲ್ಲಿ ಯಾರದೋ ಮನೆಯ ಒಗ್ಗರಣೆಯ ವಾಸನೆ ಬಂದರೂ ಸಾಕು, ದವಡೆಯ ಕೆಳಗೆ ಚುಳುಕ್ ಎನ್ನುತ್ತಿತ್ತು. ಅವಳು ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡು ಓಡಾಡತೊಡಗಿದಳು.

ಆಸ್ಪತ್ರೆಯ ಡಾಕ್ಟರಮ್ಮ ನಾಲಿಗೆಯ ಕೆಳಗೆ ಬೆರಳಿಟ್ಟು ತಡವಿ, ಎಕ್ಸ್‌ರೇ ತೆಗೆಸಿ, ಕಲ್ಲು ಎಂದರು. ಬಾಯಿಯಲ್ಲೂ ಕಲ್ಲು ಬೆಳೆಯುತ್ತದೆಂದು ರುಚಿಯಕ್ಕನಿಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ದವಡೆಯ ಕೆಳಗೆ ಜೊಲ್ಲು ತಯಾರಿಸುವ ಗ್ರಂಥಿ ಇದೆ. ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣ ಸಣ್ಣ ಚೀಲಗಳು, ಅವಕ್ಕೆಲ್ಲ ಸೇರಿ ಒಂದು ಕೊಳವೆ, ಆ ಕೊಳವೆಯ ಬಾಯಿ ನಾಲಿಗೆಯ ಕೆಳಗೆ. ಕಲ್ಲು ಕೂತಿರುವುದು ಕೊಳವೆಯಲ್ಲಿ. ಬಾಯಲ್ಲಿ ನೀರೂರಬೇಕಾದಾಗ ಗ್ರಂಥಿ ತನ್ನ ಕೆಲಸ ಮಾಡುತ್ತದೆ, ನೀರು ಹೊರಗೆ ಬರಲಾರದೆ ಅಲ್ಲೇ ಊದಿಕೊಳ್ಳುತ್ತದೆ.

"ಬೇಗ ತೆಗೆಸ್ಬಿಡಿ," ಎಂದರು. "ದಾರಿ ಬಿಡಿಸಿದ್ರೆ ಗ್ರಂಥಿ ಮತ್ತೆ ಚಿಗುರುತ್ತೆ. ಸುಮ್ನೆ ಬಿಟ್ರೆ ದ್ರಾಕ್ಷಿ ಒಣಗಿ, ಮಧ್ಯೆ ಬರೀ ನಾರು ತುಂಬ್ಕೊಳ್ಳುತ್ತೆ. ಯಾರಿಗಾದ್ರೂ ಹೀಗೇ. ಆದ್ರೆ ನಿಮಗೆ ಸಕ್ಕರೆ ಬೇರೆ ಇದೆ. ಸಕ್ಕರೆ ಇರೋರಿಗೆ ಒಣಗೋದು ಬೇಗ, ಚಿಗುರೋದು ನಿಧಾನ."

ಸಣ್ಣ ಆಪರೇಷನ್, ಸಂಜೆಗೇ ಮನೆಗೆ ಹೋಗಬಹುದು. ಆದರೆ ಜೊತೆಗೆ ಒಬ್ಬರು ಇರಲೇಬೇಕು ಎಂದರು. ಮನೆಯವರು ಯಾರನ್ನಾದರೂ ಕರೆದುಕೊಂಡು ಬನ್ನಿ. ರುಚಿಯಕ್ಕ ಹೂಂ ಎಂದಳು.

ಯಾರನ್ನು ಕರೆಯುವುದು? ತಮ್ಮನಿಗೆ ಹೇಳಿದರೆ ಅವನ ಹೆಂಡತಿಯನ್ನು ನೋಡಿಕೊಳ್ಳುವವರಿಲ್ಲ. ಪಕ್ಕದ ಮನೆಯವರ ಪರಿಚಯ ಮೆಟ್ಟಿಲ ಮೇಲಿನ ನಗುವಿನಷ್ಟೇ. ಪ್ಯಾಕಿಂಗ್ ಹೆಂಗಸರಲ್ಲಿ ಹಳಬರು ಬಿಟ್ಟುಹೋಗಿದ್ದರು, ಹೊಸಬರಿಗೆ ಅವಳು ಹಲಗೆಯಾಚೆ ಕೂರುವ ದೊಡ್ಡ ಹುದ್ದೆಯವಳು. ಕೇಳಿದ್ದರೆ ಯಾರಾದರೊಬ್ಬರು ಬರುತ್ತಿದ್ದರು, ಲೋಕ ಅಷ್ಟೇನೂ ಕೆಟ್ಟಿಲ್ಲ. ಆದರೆ ಕೇಳುವುದು ಅವಳಿಗೆ ಬಾರದ ವಿದ್ಯೆ. ಮುಂದಿನ ವಾರ ನೋಡೋಣ ಎಂದುಕೊಂಡಳು. ಮುಂದಿನ ವಾರವೂ ಹಾಗೇ ಅಂದುಕೊಂಡಳು.

ಬದಲಿಗೆ ಅವಳೊಂದು ಉಪಾಯ ಮಾಡಿದಳು. ಬಾಯಲ್ಲಿ ನೀರೂರಿದರೆ ತಾನೇ ನೋವು? ನೀರೂರದ ಹಾಗೆ ಬದುಕತೊಡಗಿದಳು. ಹುಳಿ ಬಿಟ್ಟಳು, ಒಗ್ಗರಣೆ ಬಿಟ್ಟಳು, ಬೇಯಿಸಿದ್ದನ್ನು ಆರಿಸಿ, ಬೇರೇನನ್ನೋ ಯೋಚಿಸುತ್ತ ತಿಂದಳು. ಗಂಡ ಇಷ್ಟಪಡುತ್ತಿದ್ದ ಅಡುಗೆಗಳ ನೆನಪು ಬಂದರೆ ಎದ್ದು ಬಟ್ಟೆ ಮಡಿಸಲು ಹೋಗುತ್ತಿದ್ದಳು. ಹಸಿವು ಎಂಬುದೊಂದು ಸಂತೋಷ, ಅದನ್ನೂ ಅವಳು ಮನೆಯಿಂದ ಹೊರಗೆ ಹಾಕಿದಳು.

ಕೆಲವು ತಿಂಗಳು ಕಳೆದ ಮೇಲೆ ನೋವು ಪೂರ್ತಿ ನಿಂತಿತು. ಬಿಸ್ಕತ್ತು ಅಗಿದರೂ ಗಂಟಿಲ್ಲ, ಊಟಕ್ಕೆ ಕೂತರೂ ಗಂಟಿಲ್ಲ. ಕಲ್ಲು ಕರಗಿತು ಎಂದು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಕುತ್ತಿಗೆಯ ವಸ್ತ್ರ ಒಗೆದು ಒಣಗಿಸಿ ಪೆಟ್ಟಿಗೆಯಲ್ಲಿಟ್ಟು, ಸಂಜೆ ಸುಮ್ಮನೆ ಒಂದು ಸುತ್ತು ನಡೆದು ಬಂದಳು. ಯಾರಿಗಾದರೂ ಹೇಳಬೇಕೆನಿಸಿತು. ನೋವಿದ್ದದ್ದನ್ನೇ ಯಾರಿಗೂ ಹೇಳಿರಲಿಲ್ಲ, ಹೋದದ್ದನ್ನು ಹೇಗೆ ಹೇಳುವುದು?

ಬಿಸ್ಕತ್ತು ಒಣಗತೊಡಗಿದ್ದು ಆಗಲೇ.

ಮೊದಲ ದಿನ ತಟ್ಟೆ ಬಂತು, ಅಗಿದಳು, ಬಾಯಿ ತುಂಬ ಪುಡಿ. "ಒಣ," ಎಂದಳು. ಮೇಸ್ತ್ರಿಗಳ ಕೈ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಿತು. ಮಾರನೆಯ ದಿನ ಬೆಣ್ಣೆ ಸ್ವಲ್ಪ ಹೆಚ್ಚಿಸಿದ್ದರು. ಕೆಲವು ದಿನ 'ಹದ' ನಡೆಯಿತು. ಮತ್ತೆ ಒಣ. ಮತ್ತಷ್ಟು ಬೆಣ್ಣೆ, ಓವನ್ನಿನಲ್ಲಿ ಇಡುವ ಹೊತ್ತು ಸ್ವಲ್ಪ ಕಡಿಮೆ. ಪಕ್ಕದ ಗೂಡಿನ ಗುಮಾಸ್ತರು ಬೆಣ್ಣೆ ಬಿಸ್ಕತ್ತು ನುಂಗಿ ಸಂತೋಷದಿಂದ 'ಒಣ' ಎಂದು ಬರೆದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಅವಳ ಮಾತು ಕೇಳಿ ನೆಲವನ್ನೇ ಡೊಂಕು ಮಾಡಿಬಿಟ್ಟರು.

ನಾಲಿಗೆಯ ಮೇಲೆ ಬಿರುಕು ಬಿಟ್ಟಾಗ, ರಾತ್ರಿ ತುಟಿಗಳು ಹಲ್ಲಿಗೆ ಅಂಟಿಕೊಳ್ಳತೊಡಗಿದಾಗ, ಅವಳು ಮತ್ತೆ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಗುರುತು ಹಿಡಿದರು. ದವಡೆಯ ಕೆಳಗೆ ಒತ್ತಿದರು, ನಾಲಿಗೆ ಎತ್ತಿಸಿ ಕೊಳವೆಯ ಬಾಯಿ ನೋಡಿದರು. ಹುಳಿಯ ಹನಿಯೊಂದನ್ನು ನಾಲಿಗೆಗೆ ಬಿಟ್ಟು ಕಾದರು. ಏನೂ ಬರಲಿಲ್ಲ.

ನೋವು ಹೋಗಿದೆ, ವಾಸಿಯಾಯ್ತು ಅಂದ್ಕೊಂಡೆ ಎಂದಳು ರುಚಿಯಕ್ಕ.

"ನೋವು ಹೋಗಿದ್ದು ವಾಸಿಯಾಗಿ ಅಲ್ಲಮ್ಮ," ಎಂದರು ಡಾಕ್ಟರಮ್ಮ. "ಊದ್ಕೊಳ್ಳೋಕೆ ನೀರೇ ಇಲ್ಲ ಈಗ. ಬಾಗಿಲು ತಟ್ಟಿ ತಟ್ಟಿ ಸುಸ್ತಾಗಿ ಸುಮ್ಮನಾಗಿದೆ ಅದು."

ಉಳಿದ ಗ್ರಂಥಿಗಳೂ ಸಕ್ಕರೆಯಿಂದ ಸೊರಗಿವೆ, ಅದಕ್ಕೇ ಇಡೀ ಬಾಯಿ ಆರಿದೆ ಎಂದು ವಿವರಿಸಿದರು. ಈಗ ಕಲ್ಲು ತೆಗೆದರೂ ಎಷ್ಟು ಚಿಗುರುತ್ತದೋ ಹೇಳಲಾಗದು, ಆದರೂ ತೆಗೆಯೋಣ, ಸಕ್ಕರೆ ಹತೋಟಿಗೆ ತರೋಣ, ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದರು.

ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆದದ್ದು ಆಪರೇಷನ್ ವಿಷಯವಲ್ಲ. ಬಿಸ್ಕತ್ತು ಒಣಗಿರಲಿಲ್ಲ. ಒಣಗಿದ್ದು ತಾನು.

ನನಗೆ ಅವಳ ಮೇಲೆ ಕೋಪ ಬರುವುದು ಇಲ್ಲಿ. ಮಾರನೆಯ ಬೆಳಗ್ಗೆ ಸೀದಾ ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೋಗಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಅವಳ ಮಾತಿಗೆ ಕಾಯುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಇದು ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಅವಳು ಬಾಯಲ್ಲಿಟ್ಟುಕೊಂಡೇ ಕೂತಳು. ಗುಟ್ಟಾಗಿ ನೀರು ಕುಡಿದು, ನೆನೆಸಿ ಅಗಿದು, ಊಹೆಯ ಮೇಲೆ ಎಲ್ಲದಕ್ಕೂ 'ಹದ' ಎನ್ನತೊಡಗಿದಳು. ಮೆತ್ತಗೆ, ಎಣ್ಣೆಯೆಣ್ಣೆಯಾಗಿ, ಮುಟ್ಟಿದರೆ ಮುರಿಯುವ ಬಿಸ್ಕತ್ತು ಹದವೆಂದು ಹೊರಗೆ ಹೋಯಿತು.

ಪೆಟ್ಟಿಗೆಗಳು ವಾಪಸು ಬರತೊಡಗಿದವು. ಒಳಗೆ ಬಿಸ್ಕತ್ತಿರಲಿಲ್ಲ, ಪುಡಿ ಇತ್ತು. ಕಾಗದಕ್ಕೆಲ್ಲ ಜಿಡ್ಡು. ಮ್ಯಾನೇಜರ್ ಓವನ್ ಮೇಸ್ತ್ರಿಗಳನ್ನು ಕರೆಸಿ ಎಲ್ಲರೆದುರು ಕೂಗಾಡಿದರಂತೆ. ರುಚಿಯಕ್ಕ ಹೇಳಿದಂತೆ ಮಾಡಿದೆ ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲವಂತೆ. ತಲೆ ತಗ್ಗಿಸಿ, ನನಗೆ ವಯಸ್ಸಾಯ್ತು ಸಾರ್, ಈ ತಿಂಗಳಿಗೆ ಬಿಟ್ಟುಬಿಡ್ತೀನಿ ಎಂದರಂತೆ. ಇದನ್ನು ಕ್ಯಾಂಟೀನಿನಲ್ಲಿ ಗುಮಾಸ್ತನೊಬ್ಬ ಮಜವಾಗಿ ಹೇಳುತ್ತಿದ್ದಾಗ ರುಚಿಯಕ್ಕ ಲೋಟವನ್ನು ಅಲ್ಲೇ ಬಿಟ್ಟು ಎದ್ದಳು.

ಅಂದು ಸಂಜೆ ಕೆಲಸ ಮುಗಿದ ಮೇಲೆ ಅವಳು ಗೋಡೆ ಸುತ್ತಿಕೊಂಡು ಓವನ್ ಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಆ ಕಡೆಗೆ ಕಾಲಿಟ್ಟಿರಲಿಲ್ಲ. ಬಿಸಿ ಮುಖಕ್ಕೆ ಹೊಡೆಯಿತು. ಮೇಸ್ತ್ರಿಗಳು ತಗಡುಗಳನ್ನು ಉಜ್ಜುತ್ತಿದ್ದರು. ಕೈ ಪರಿಚಯದ್ದು, ಮುಖವನ್ನು ಮಾತ್ರ ಹೀಗೆ ಹತ್ತಿರದಿಂದ ನೋಡಿದ್ದು ಮೊದಲು. ಅವಳು ಅಂದುಕೊಂಡಿದ್ದಕ್ಕಿಂತ ಮುದುಕರಾಗಿದ್ದರು. ಬನ್ನಿ ರುಚಿಯಕ್ಕ ಎಂದು ಸ್ಟೂಲ್ ಒರೆಸಿ ಕೊಟ್ಟರು. ಅವಳು ಕೂರದೆ ನಿಂತೇ ಎಲ್ಲವನ್ನೂ ಹೇಳಿದಳು. ಕಲ್ಲು, ಊತ, ನೋವು ನಿಂತದ್ದು, ಬಾಯಿ ಆರಿದ್ದು, ಗೊತ್ತಾದ ಮೇಲೂ ಸುಮ್ಮನಿದ್ದದ್ದು. ನಡುವೆ ನಾಲಿಗೆ ಅಂಗುಳಕ್ಕೆ ಅಂಟಿ ಮಾತು ನಿಂತಾಗ ಮೇಸ್ತ್ರಿಗಳು ನೀರಿನ ಲೋಟ ಮುಂದಿಟ್ಟರು.

ಅವರು ತಗಡು ಉಜ್ಜುವುದನ್ನು ನಿಲ್ಲಿಸಿದ್ದರು.

"ನಾನು ದಿನಾ ತಿಂದು ನೋಡ್ತಿದ್ದೆ," ಎಂದರು. "ನನ್ನ ಬಾಯಿಗೆ ಸರಿಯಾಗೇ ಇತ್ತು. ನೀವು ಒಣ ಅಂದ್ರಿ. ರುಚಿಯಕ್ಕನ ಬಾಯಿ ತಪ್ಪೋದುಂಟಾ? ನನ್ನ ನಾಲಿಗೇನೇ ಸತ್ತುಹೋಯ್ತು ಅಂದ್ಕೊಂಡೆ."

ಆಮೇಲೆ ಅವರು ತಿಂದು ನೋಡುವುದನ್ನೇ ಬಿಟ್ಟಿದ್ದರು. ಮನೆಯಲ್ಲಿ ಹೆಂಡತಿ ಉಪ್ಪು ಸಾಕಾ ಎಂದು ಕೇಳಿದರೆ, ನನ್ನನ್ನೇನು ಕೇಳ್ತೀಯ, ನನಗೇನು ತಿಳಿಯುತ್ತೆ ಎಂದು ರೇಗಿ ತಟ್ಟೆ ಬಿಟ್ಟೇಳುತ್ತಿದ್ದರು. ಹೆಂಡತಿ ಎಷ್ಟೋ ದಿನ ಒಬ್ಬಳೇ ಉಂಡಿದ್ದಳು. ನಲವತ್ತು ವರ್ಷ ಓವನ್ ಮುಂದೆ ನಿಂತ ಮನುಷ್ಯ ತನ್ನ ಬಾಯನ್ನೇ ನಂಬದೆ ಬದುಕಿದ್ದನ್ನು ಬೇರೆ ಯಾರದೋ ಕಥೆಯಂತೆ, ತಗಡನ್ನು ನೋಡುತ್ತ ಹೇಳಿದರು. ರುಚಿಯಕ್ಕನಿಗೆ ಅಳು ಬಂತು. ನಿಂತ ನೆಲ ಬಿರಿದು ನುಂಗಬಾರದೇ ಎನಿಸಿತು.

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?" ಎಂದರು.

"ಯಾರಿಗೆ ಹೇಳ್ಲಿ?" ಎಂದಳು ಅವಳು. "ಆಪರೇಷನ್ನಿಗೆ ಜೊತೆಗೆ ಒಬ್ರು ಬೇಕು ಅಂದ್ರು. ಅದಕ್ಕೂ ನನಗೆ ಯಾರೂ ಇರ್ಲಿಲ್ಲ."

ಅವರು ತಲೆ ಎತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಕೋಪವಿತ್ತು, ಅದು ಅವಳಿಗೆ ಸರಿಯೆನಿಸಿತು. ಕೋಪದ ಜೊತೆಗೆ ಇನ್ನೇನೋ ಇತ್ತು, ಅದನ್ನು ಮಾತ್ರ ತಡೆಯಲಾಗಲಿಲ್ಲ.

"ಗೋಡೆ ಆಚೆ ನಾನಿದ್ನಲ್ಲ. ಕೇಳಿದ್ರೆ ನಾನು ಬರ್ತಿದ್ದೆ. ನನ್ನ ಹೆಂಡ್ತೀನೂ ಬರ್ತಿದ್ಲು."

ಈಗ ಬರುತ್ತೇನೆ ಎಂದು ಅವರು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಓವನ್ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಹೋಗುವ ಮುಂಚೆ ಅವಳು ಇಷ್ಟೇ ಕೇಳಿಕೊಂಡಳು: ನಾಳೆ ಹಳೆಯ ಅಳತೆಯಲ್ಲೇ, ಮೊದಲಿನ ಹಾಗೇ ಮಾಡಿ ಕಳಿಸಿ. ಅದಾದ ಮೇಲೆ ಮ್ಯಾನೇಜರ್ ಹತ್ತಿರ ನಾನೇ ಹೋಗ್ತೀನಿ. ಮೇಸ್ತ್ರಿಗಳು ಮತ್ತೆ ತಗಡು ಉಜ್ಜತೊಡಗಿದರು.

ಮನೆಯಲ್ಲಿ ಅವಳು ಬ್ರೆಡ್ಡನ್ನು ನೀರಲ್ಲಿ ಅದ್ದಿ ತಿಂದಳು. ಹದಿನಾಲ್ಕು ವರ್ಷ ಒಂದು ಗೋಡೆಯ ಆ ಕಡೆ ಈ ಕಡೆ ಕೂತು, ಆ ಕಡೆ ಇದ್ದದ್ದು ಬರಿಯ ಕೈ ಎಂದುಕೊಂಡಿದ್ದೆನಲ್ಲ ಎಂಬ ಯೋಚನೆ ಬಿಡಲಿಲ್ಲ. ತನಗೆ ಯಾರೂ ಇಲ್ಲ ಎಂದು ಅವಳು ಎಷ್ಟು ವರ್ಷ ಮರುಗಿದ್ದಳು. ನಾನೂ ಯಾರಿಗೂ ಏನೂ ಆಗದೆ ಉಳಿದಿದ್ದೆ ಎಂದು ಅಂದು ಮೊದಲ ಸಲ ಅನಿಸಿತು. ಅದು ಒಂಟಿತನಕ್ಕಿಂತ ಹೆಚ್ಚು ಚುಚ್ಚಿತು.

ಬೆಳಗ್ಗೆ ಗೂಡಿನಲ್ಲಿ ಕೂತಳು. ಪಕ್ಕದ ಗುಮಾಸ್ತ ಕೆಮ್ಮಿ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಕಿಂಡಿ ತೆರೆಯಿತು, ತಟ್ಟೆ ಬಂತು. ಬಿಸ್ಕತ್ತಿನ ಬಣ್ಣ ಮೊದಲಿನದು, ಅಂಚು ಮಾತ್ರ ಚೂರು ಕೆಂಪು. ಮುರಿದಾಗ ಟಕ್ ಎಂದಿತು. ಬಾಯಿಗಿಟ್ಟು ಅಗಿದಳು. ಬೂದಿ ತಿಂದ ಹಾಗಿತ್ತು. ನಾಲಿಗೆಯನ್ನು ಎಡಕ್ಕೆ ಬಲಕ್ಕೆ ಹೊರಳಿಸಿ, ಕಣ್ಣು ಮುಚ್ಚಿ, ಎಲ್ಲಾದರೂ ಒಂದು ಹನಿ ಬಂದೀತೇ ಎಂದು ಕಾದಳು. ಬರಲಿಲ್ಲ. ಬಟ್ಟಲಿಗೆ ಉಗುಳಿದಳು. ಆಚೆ ಕಡೆಯ ಕೈ ತಟ್ಟೆಯ ಅಂಚು ಹಿಡಿದು, ಅವಳ ಮಾತಿಗಾಗಿ ಎಂದಿನಂತೆ ಕಾಯುತ್ತಿತ್ತು.

ರುಚಿಯಕ್ಕ ಕಿಂಡಿಯ ಹತ್ತಿರ ಬಗ್ಗಿದಳು.

"ಮೇಸ್ತ್ರಿಗಳೇ, ನೀವು ತಿಂದ್ರಾ?"

ಪಕ್ಕದ ಗೂಡಿನಲ್ಲಿ ಗುಮಾಸ್ತನ ಅಗಿತ ನಿಂತುಹೋಯಿತು. ಕೈ ತಟ್ಟೆಯನ್ನು ಬಿಟ್ಟು, ಒಂದು ಬಿಸ್ಕತ್ತು ತೆಗೆದುಕೊಂಡು ಕತ್ತಲಿಗೆ ಹೋಯಿತು. ಅಗಿಯುವ ಸದ್ದು ಕೇಳಿಸಿತು, ಗರಗರ, ನಿಧಾನವಾಗಿ. ಅವಳು ಕಾದಳು. ಇನ್ನೊಬ್ಬರ ಬಾಯಿಯ ಮಾತಿಗೆ ಹೀಗೆ ಕಾಯುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಹೇಗಿದೆ?" ಎಂದಳು.

"ಹದವಾಗಿದೆ ಅಕ್ಕ," ಎಂದರು ಅವರು. "ಚೆನ್ನಾಗಿದೆ."

"ಹದ," ಎಂದು ರುಚಿಯಕ್ಕ ಗುಮಾಸ್ತನಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ, ಕುರ್ಚಿಯನ್ನು ಗೋಡೆಗೆ ಸರಿಸಿ, ಮ್ಯಾನೇಜರ್ ಕೋಣೆಯ ಕಡೆ ನಡೆದಳು.